ಊರು ಹಿಡಿದವರಿಗೊಂದು ಅರ್ಜಿ

ರೋಣದ ಬದರುನ್ನಿಸಾಳ ಮನೆಯಲ್ಲಿ ಫೋನಿಗೆ ಒಂದೇ ಜಾಗ. ಹಿತ್ತಲ ಬಾಗಿಲ ಚೌಕಟ್ಟಿಗೆ ಹೊಡೆದ ಮೊಳೆಗೆ ಬಟ್ಟೆಯ ಚೀಲವೊಂದು ಜೋತುಬಿದ್ದಿರುತ್ತದೆ. ಫೋನು ಆ ಚೀಲದೊಳಗೆ. ಅಲ್ಲಿಂದ ಒಂದು ಮೊಳ ಈಚೆ ತಂದರೂ ದೂರದ ಕರೆ ಹಿಡಿಯುವುದಿಲ್ಲ. ಹಾಗಾಗಿ ಇಪ್ಪತ್ತೆರಡು ದಿನಗಳಿಂದ ಅವಳು ಆ ಬಾಗಿಲಿನಿಂದ ಹತ್ತು ಹೆಜ್ಜೆಯಾಚೆ ಹೋದವಳಲ್ಲ. ಸಂತೆಗಿಲ್ಲ, ಮದುವೆಗಿಲ್ಲ, ತವರಿಗಿಲ್ಲ. ದೇವರು ಕೆಲವರನ್ನು ಊರಿಗೆ ಕಟ್ಟುತ್ತಾನೆ, ಕೆಲವರನ್ನು ಕೆಲಸಕ್ಕೆ ಕಟ್ಟುತ್ತಾನೆ; ಅವಳನ್ನು ಒಂದು ಮೊಳೆಗೆ ಕಟ್ಟಿದ್ದ.

ಅವಳ ಗಂಡ ರಮಜಾನಸಾಬ ಅಡಿಗೆಯವನು. ದೂರದ ದೇಶದ ನದಿ ದಂಡೆಯ ಊರೊಂದರಲ್ಲಿ, ನಮ್ಮ ಕಡೆಯ ಹುಡುಗರು ಡಾಕ್ಟರಿಕೆ ಕಲಿಯುವ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಎರಡು ವರ್ಷದಿಂದ ಅನ್ನ ಸಾರು ಮಾಡಿ ಹಾಕುತ್ತಿದ್ದ. ಆ ಊರಿನ ಹೆಸರು ಬದರುನ್ನಿಸಾಳ ನಾಲಿಗೆಯ ಮೇಲೆ ಹೊರಳಲೇ ಇಲ್ಲ. ಅವಳಿಗೆ ಅದು ‘ನದಿಯೂರು’. ನೆರೆ ದೇಶದ ಸೈನ್ಯ ಗಡಿ ದಾಟಿ ಬಂದು ನದಿಯೂರನ್ನು ಹಿಡಿಯುವ ಹಿಂದಿನ ದಿನ ಕಾಲೇಜಿನವರು ಬಸ್ಸು ತಂದು ಹುಡುಗರನ್ನು ಹತ್ತಿಸಿಕೊಂಡು ಹೋದರು. ಅವರ ಪಟ್ಟಿಯಲ್ಲಿ ಓದುವವರ ಹೆಸರಿತ್ತು, ಅಡಿಗೆಯವನ ಹೆಸರಿರಲಿಲ್ಲ. ನಾಳೆ ಇನ್ನೊಂದು ಬಸ್ಸು ಬರುತ್ತದೆ ಎಂದರು. ಮಾರನೇ ದಿನ ಬಂದದ್ದು ಟ್ಯಾಂಕು.

ಅಂದಿನಿಂದ ಅವನು ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿದ್ದ. ಪಕ್ಕದ ಕಟ್ಟಡದ ಏಳು ಮಂದಿ ಮುದುಕ ಮುದುಕಿಯರು ಗುಂಡಿನ ಸದ್ದಿಗೆ ಹೆದರಿ ಅಲ್ಲಿಗೇ ಇಳಿದು ಬಂದಿದ್ದರು. ಇಳಿದದ್ದೇನೋ ಆಯಿತು, ಮತ್ತೆ ಮೆಟ್ಟಿಲು ಹತ್ತುವ ಶಕ್ತಿ ಅವರಿಗಿರಲಿಲ್ಲ. ಅವರಿಗೂ ಇವನೇ ಬೇಯಿಸಿ ಹಾಕುತ್ತಿದ್ದ. ಎರಡು ಮೂರು ದಿನಕ್ಕೊಮ್ಮೆ, ನಮ್ಮಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಿಗೆ, ಮೂರನೇ ಮಹಡಿ ಹತ್ತಿ ಮನೆಗೆ ಫೋನು ಮಾಡುತ್ತಿದ್ದ.

ಅವತ್ತು ಫೋನು ಬಂದಾಗ ಬದರುನ್ನಿಸಾ ರೊಟ್ಟಿ ಬಡಿಯುತ್ತಿದ್ದಳು. ಜೊತೆಗೆ ಚನ್ನವ್ವ ಇದ್ದಳು. ಚನ್ನವ್ವ ಮೆಣಸಗಿಯವಳು, ಮಲಪ್ರಭೆ ಉಕ್ಕಿ ಮನೆಯ ಗೋಡೆ ಬಿದ್ದ ವರ್ಷ ರೋಣಕ್ಕೆ ಬಂದು ಬದರುನ್ನಿಸಾಳ ಒಲೆಗೆ ಜೊತೆಯಾದವಳು. ಇಬ್ಬರೂ ಸೇರಿ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿದು, ಕಡಕ್ ಮಾಡಿ, ಗಜೇಂದ್ರಗಡದ ಖಾನಾವಳಿಗಳಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಒಬ್ಬಳು ಬಿಸ್ಮಿಲ್ಲಾ ಅಂದು ಮೊದಲ ರೊಟ್ಟಿ ಹಂಚಿಗೆ ಹಾಕಿದರೆ, ಇನ್ನೊಬ್ಬಳು ಇಟಗಿ ಭೀಮವ್ವನನ್ನು ನೆನೆದು ಅದನ್ನು ಮಗುಚುತ್ತಿದ್ದಳು.

“ಹಿಟ್ಟು ಮುಗೀತು ಬದರೂ,” ಅಂದ ರಮಜಾನಸಾಬ. “ನಿನ್ನೆಯಿಂದ ಬರೇ ಆಲೂಗಡ್ಡಿ ಕುದಿಸಿದ ನೀರು ಕುಡೀತೇವಿ. ಗಲೀನಾ ಅಂತ ಒಬ್ಬಾಕಿ ಮುದುಕಿ ಅದಾಳಲ್ಲ, ತನ್ನ ಪಾಲಿಂದು ನನ್ನ ಬಟ್ಟಲಕ್ಕ ಸುರುವತಾಳ. ಅಡಿಗಿಯವಗ ಉಣಸೂದು ನೋಡು!”

“ಅಂಗಡಿ ತಗದಿಲ್ಲೇನ್ರಿ?”

“ಎಲ್ಲಾ ಖಾಲಿ. ಸಾಲ್ಯಾಗ ಸೈನ್ಯದವರು ಹಿಟ್ಟು, ಎಣ್ಣಿ ಕೊಡಾಕ ಹತ್ಯಾರ. ಆದ್ರ ಅದಕ್ಕೊಂದು ಕಾಗದ ಐತಿ, ಹೆಬ್ಬೆಟ್ಟು ಒತ್ತಬೇಕಂತ. ಏನ್ ಬರದಾರೋ ಓದಾಕ ಬರೂದಿಲ್ಲ. ಯಾಕೋ ಮನಸ್ಸು ಹಿಂದಕ ಜಗ್ತೈತಿ.”

ಬದರುನ್ನಿಸಾಳಿಗೆ ನಗು ಬಂತು. ಹೆಬ್ಬೆಟ್ಟು ಅಂದರೆ ಅವಳಿಗೆ ನ್ಯಾಯಬೆಲೆ ಅಂಗಡಿ. ತಿಂಗಳಿಗೊಮ್ಮೆ ಅಲ್ಲಿಯ ಮಶೀನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಅಕ್ಕಿ. ಹಂಚಿನ ಬಿಸಿಗೆ ಅವಳ ಬೆರಳಿನ ಗೆರೆಗಳು ಸವೆದು ಹೋಗಿದ್ದರಿಂದ ಮಶೀನು ಮೂರು ಸಲ ‘ಇಲ್ಲ’ ಅಂದು ನಾಲ್ಕನೇ ಸಲ ‘ಹೂಂ’ ಅನ್ನುತ್ತಿತ್ತು. ಹೆಬ್ಬೆಟ್ಟಿನ ವಿಷಯದಲ್ಲಿ ಅವಳಿಗಿದ್ದ ಭಯವೆಲ್ಲ ಮಶೀನು ಅದನ್ನು ಹಿಡಿಯದಿದ್ದರೆ ಎಂಬುದೊಂದೇ. ಹಿಡಿದುಬಿಟ್ಟರೆ ಏನಾದೀತು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

“ಒತ್ತಿ ತಗೋರಿ. ಹೆಬ್ಬೆಟ್ಟು ಒತ್ತಾಕ ರೊಕ್ಕ ಕೊಡಬೇಕೇನು?”

“ಈ ಏಳು ಮಂದಿಗೆ ಮೆಟ್ಟಲಾ ಹತ್ತಾಕ ಆಗೂದಿಲ್ಲ. ಅವರದು?”

“ಅವರ ಗುರ್ತಿನ ಪುಸ್ತಕ ಒಯ್ರಿ. ಎಲ್ಲಾರೂ ನಮ್ಮ ಮನಿ ಮಂದಿ ಅಂತ ಹೇಳಿ ನೀವಽ ಒತ್ರಿ. ಇಲ್ಲೆ ನಾ ಒಬ್ಬಾಕಿ ಒತ್ತಿ ಎಲ್ಲಾರ ಪಾಲೂ ತರೂದಿಲ್ಲೇನು?”

“ಹೌದಲ್ಲ!” ಅಂದ ರಮಜಾನಸಾಬ. ದೊಡ್ಡ ಭಾರ ಇಳಿದವನ ಹಾಗೆ ಅಂದ.

ಮೂರನೇ ದಿನ ಅವನ ಧ್ವನಿ ಗುರುತೇ ಸಿಗಲಿಲ್ಲ.

“ಬದರೂ, ಕೆಟ್ಟ ಕೆಲಸಾತು.”

ಹಾಸ್ಟೆಲ್ಲಿನ ಎದುರಿಗೆ ಔಷಧಿ ಅಂಗಡಿ ಇಟ್ಟಿದ್ದ ಓಲ್ಗಾ ಎಂಬ ಹೆಣ್ಣುಮಗಳಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು, ಇವನಿಗೂ ಒಂದಿಷ್ಟು ಬರುತ್ತಿತ್ತು. ಅವಳು ಆ ಕಾಗದದ ನಕಲನ್ನು ಓದಿ, ತಲೆಯ ಮೇಲೆ ಕೈ ಹೊತ್ತು ಕೂತಳಂತೆ. ಹಿಟ್ಟು ಪಡೆದವನು ತನ್ನ ಮನಸ್ಸಿನಿಂದ ಹೊಸ ಸರಕಾರದ ಪ್ರಜೆಯಾಗಲು ಬೇಡಿಕೊಂಡಿದ್ದಾನೆ. ಹಳೆಯ ಗುರುತಿನ ಪುಸ್ತಕ ಒಪ್ಪಿಸಿದ್ದಾನೆ. ಅಪ್ಪಣೆಯಿಲ್ಲದೆ ಊರು ಬಿಡುವುದಿಲ್ಲ. ಹೇಳಿದ ಕೆಲಸ ಮಾಡುತ್ತಾನೆ. ಹೋಗೆಂದ ಕಡೆ ಹೋಗುತ್ತಾನೆ. ಕಾಗದದಲ್ಲಿ ಇದ್ದದ್ದು ಇಷ್ಟು. ರಮಜಾನಸಾಬನ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಇಸಿದುಕೊಂಡವರು ತಿರುಗಿ ಕೊಟ್ಟಿರಲಿಲ್ಲ. ಒಂದು ಚೀಟಿ ಕೊಟ್ಟು, ಕರೆದಾಗ ಕೆಲಸಕ್ಕೆ ಬಾ ಅಂದಿದ್ದರು.

“ಏನ್ ಕೆಲಸಂತ?”

“ತಗ್ಗು ತೋಡೂದಂತ ಒಬ್ಬ ಅಂದ. ಅಡಿಗಿ ಅಂತ ಒಬ್ಬ ಅಂದ. ಹಿಟ್ಟು ಐತಿ ಈಗ. ಗಂಟಲದಾಗ ಇಳಿಯೂದಿಲ್ಲ.”

ಫೋನು ತಾನಾಗಿಯೇ ಕಡಿಯಿತು. ಬದರುನ್ನಿಸಾ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾದರೂ ಅವಳಿಗೆ ಅರಿವಾಗಲಿಲ್ಲ. ಅವನು ಕೇಳಿದ್ದ. ಮನಸ್ಸು ಹಿಂದಕ್ಕೆ ಜಗ್ಗುತ್ತದೆ ಅಂದಿದ್ದ. ಆ ಮನಸ್ಸನ್ನು ಇವಳು ಇಲ್ಲಿಂದ, ಈ ಮೊಳೆಯ ಕೆಳಗೆ ನಿಂತು, ನಗುತ್ತ ಮುಂದಕ್ಕೆ ನೂಕಿದ್ದಳು. ಗಂಡನನ್ನು ಸೈನ್ಯ ಹಿಡಿದದ್ದು ಹೌದು. ಒಳಗೆ ಕೂಡಿ ಚಿಲಕ ಹಾಕಿದವಳು ತಾನೇ ಅನ್ನಿಸಿತು.

ಚನ್ನವ್ವ ಸೀದ ರೊಟ್ಟಿಯನ್ನು ಕೆಳಗಿಳಿಸಿ ಪಕ್ಕದಲ್ಲಿ ಬಂದು ನಿಂತಳು.

“ನಿಂತ್ರ ಆಗೂದಿಲ್ಲ ಬದರಾ. ನೀಲಪ್ಪನ ಕಡೆ ಹೋಗು.”

“ನೀಲಪ್ಪ ಕಾಕಾ ರೇಶನ್ ಕಾರ್ಡಿನ ಅರ್ಜಿ ಬರಿಯಾಂವ. ದಂಡಿನ ಮುಂದ ಆಂವಂದೇನ್ ನಡಿತೈತಿ ಚನ್ನಕ್ಕ?”

“ನಮಗೂ ಹಂಗಽ ಅನಿಸಿತ್ತು. ಹೊಳಿ ಬಂದಾಗ ನಮ್ಮನ್ನ ಸಾಲ್ಯಾಗ ಇಟ್ಟಿದ್ರಲ್ಲ, ಅಲ್ಲೆ ಯಾವಾನೋ ಒಬ್ಬ ಬಂದು, ‘ಹೊಸಾ ಜಾಗಾಕ ಹೋಗತೇವಿ, ಹಳೇ ಊರು ಬಿಡ್ತೇವಿ ಅಂತ ಸೈ ಹಾಕಿದವರಿಗೆ ಮೊದಲ ಗಂಜಿ’ ಅಂದ. ಹಸಗೊಂಡ ಮಂದಿ, ಹಾಕಾಕ ನಿಂತ್ರು. ನೀಲಪ್ಪ ಅಲ್ಲೇ ಕುಂತು ಅರ್ಜಿ ಬರದ. ‘ಗಂಜಿಗೂ ಸೈಗೂ ಸಂಬಂಧ ಇಲ್ಲ, ನೀರಾಗ ಸಿಕ್ಕವರಿಗೆ ಉಣ್ಣಾಕ ಹಾಕೂದು ಊರು ನೋಡ್ಕೊಳ್ಳಾವರ ಕೆಲಸ’ ಅಂತ. ಸಂಜಿಗೆ ಆ ಮನಿಶಾ ಕಾಣಲಿಲ್ಲ, ಗಂಜಿ ಮಾತ್ರ ಬಂತು. ಹೋಗು. ಫೋನ್ ನಾ ಕಾಯ್ತೇನಿ.”

ಇಪ್ಪತ್ತೈದು ದಿನಗಳ ನಂತರ ಬದರುನ್ನಿಸಾ ಮೊದಲ ಸಲ ಬೀದಿಗೆ ಇಳಿದಳು. ಬೀದಿ ಇದ್ದ ಹಾಗೇ ಇತ್ತು. ಕಡಲೆಯ ಚೀಲ ಹೇರಿದ ಟ್ರ್ಯಾಕ್ಟರುಗಳು ಪೇಟೆಯ ಕಡೆ ಹೋಗುತ್ತಿದ್ದವು, ಗದಗಿನ ಬಸ್ಸು ಹಾರ್ನು ಹೊಡೆಯುತ್ತಿತ್ತು. ಇಷ್ಟೆಲ್ಲ ನಡೆಯುತ್ತಿದ್ದರೂ ಅವಳಿಗೆ ತಾನು ಯಾವುದೋ ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಕೂತು ಹೋಗುತ್ತಿದ್ದೇನೆ ಅನ್ನಿಸಿತು.

ತಹಶೀಲ್ ಕಚೇರಿಯ ಎದುರು ಬೇವಿನ ಮರದ ಬುಡದಲ್ಲಿ ಚಿಕ್ಕ ಡೆಸ್ಕು ಇಟ್ಟುಕೊಂಡು ನೀಲಪ್ಪ ನಲವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದ. ಮಾತು ಕಡಿಮೆ, ಅಕ್ಷರ ದುಂಡಗೆ. ಬದರುನ್ನಿಸಾ ಎಲ್ಲವನ್ನೂ ಹೇಳಿ ಮುಗಿಸುವ ತನಕ ಅವನು ಕನ್ನಡಕ ಒರೆಸುತ್ತ ಕೂತಿದ್ದ. ನರಗುಂದದ ವಕೀಲ ನಿಂಗರಾಜ ಅಂದು ರೋಣದ ಕೋರ್ಟಿಗೆ ಬಂದವನು, ತಾರೀಖು ಮುಂದೆ ಹೋದದ್ದರಿಂದ, ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದ.

“ಯಾರಿಗೆ ಬರೀಲಿ?” ಅಂದ ನೀಲಪ್ಪ.

“ನಮ್ಮ ಸರಕಾರಕ್ಕ.”

“ಅವರಿಗೂ ಒಂದು ಪ್ರತಿ ಹಾಕೂಣು. ಆದ್ರ ಊರು ಅವರ ಕೈಯಾಗಿಲ್ಲಲ್ಲ ಬೇ. ಊರು ಯಾರ ಕೈಯಾಗೈತಿ, ಅರ್ಜಿ ಅವರಿಗೆ.” ಅವನು ಹಾಳೆ ಮಡಿಸಿ ಅಂಚು ಬಿಟ್ಟು ಬರೆಯತೊಡಗಿದ: ‘ಮಾನ್ಯ ಸೇನಾಧಿಕಾರಿಗಳು, ನದಿಯೂರು, ಇವರಿಗೆ.’

ನಿಂಗರಾಜ ಬಗ್ಗಿ ನೋಡಿ ಚಹಾ ನೆತ್ತಿಗೇರಿಸಿಕೊಂಡ. “ಕಾಕಾ, ಮುಂದ ತಾಲೂಕು, ಜಿಲ್ಲಾನೂ ಬರೀರಿ! ದಂಡು ತಗೊಂಡು ಬಂದವರಿಗೆ ಯಾರರ ಅರ್ಜಿ ಕೊಡ್ತಾರೇನ್ರಿ?”

“ನೀವು ವಕೀಲರು, ನಗ್ತೀರಿ. ಊರು ಹಿಡಿದಾಂವ ಊರು ನೋಡ್ಕೋಬೇಕೋ ಬ್ಯಾಡೋ? ಅಷ್ಟು ಹೇಳ್ರಿ.”

ನಿಂಗರಾಜನ ನಗು ನಿಂತಿತು. ಕಾನೂನು ಓದುವಾಗ ಪರೀಕ್ಷೆಗಷ್ಟೇ ಕಲಿತು ಮರೆತ ಒಂದು ಪಾಠ ಎಲ್ಲೋ ಮಿಸುಕಿತು. ಫೋನು ತೆಗೆದು ಹುಡುಕತೊಡಗಿದ. ಚಹಾ ಆರಿತು. ಆಮೇಲೆ ಅವನು ನೀಲಪ್ಪನ ಡೆಸ್ಕಿನ ಪಕ್ಕ ನೆಲದ ಮೇಲೇ ಕೂತುಬಿಟ್ಟ.

“ಐತ್ರಿ ಕಾಕಾ. ಜಿನೀವಾ ಒಪ್ಪಂದ ಅಂತ, ಎಪ್ಪತ್ತು ವರ್ಷದ ಹಿಂದಿಂದು. ಊರು ಹಿಡಿದವರ ಮ್ಯಾಲ ಆ ಊರಿನ ಮಂದೀ ಊಟಾ, ಔಷಧದ ಜವಾಬ್ದಾರಿ ಐತಿ, ತಮ್ಮ ಕೈಲಾದಷ್ಟೂ ಮಾಡಬೇಕು ಅಂತೈತಿ. ಮಂದೀನ್ನ ಒತ್ತಾಯದಿಂದ ತಮ್ಮ ದೇಶಕ್ಕ ಒಯ್ಯಾಕ ಬರೂದಿಲ್ಲ. ಬ್ಯಾರೆ ದೇಶದವರಿಗೆ, ಅಂದ್ರ ನಿಮ್ಮ ಯಜಮಾನ್ರಂಥವರಿಗೆ, ಊರು ಬಿಟ್ಟು ಹೋಗೂ ಹಕ್ಕೈತಿ.”

“ಆದ್ರ ಹೆಬ್ಬೆಟ್ಟು ಒತ್ಯಾರಲ್ರಿ ವಕೀಲ್ರ,” ಅಂದಳು ಬದರುನ್ನಿಸಾ. “ನಾನಽ ಒತ್ತಿಸೇನಿ.”

“ಅದಕ್ಕಽ ಬಂದೆ ಅಕ್ಕಾರ.” ನಿಂಗರಾಜ ಒಂದು ಸಾಲನ್ನು ಬೆರಳಿಟ್ಟು ಓದಿದ, ನಿಧಾನವಾಗಿ ಕನ್ನಡಕ್ಕೆ ತಂದ. “ಈ ಹಕ್ಕು ಬ್ಯಾಡ ಅಂತ ಅವರು ತಾವಾಗೇ ಬರಕೊಟ್ರೂ ನಡಿಯೂದಿಲ್ಲ. ಪೂರ್ತಿ ಬಿಡಾಕೂ ಬರೂದಿಲ್ಲ, ಅರ್ಧಾ ಬಿಡಾಕೂ ಬರೂದಿಲ್ಲ.”

ನೀಲಪ್ಪ ಪೆನ್ನು ಕೆಳಗಿಟ್ಟ. “ಇನ್ನೊಮ್ಮೆ ಹೇಳ್ರಿ.”

ನಿಂಗರಾಜ ಇನ್ನೊಮ್ಮೆ ಹೇಳಿದ.

ನೀಲಪ್ಪ ಕನ್ನಡಕ ತೆಗೆದು ಡೆಸ್ಕಿನ ಮೇಲಿಟ್ಟ. “ಸೈ ಹಾಕಿದ್ಯೋ, ಮುಗೀತು ಅಂತ ನಲವತ್ತು ವರ್ಷ ಮಂದಿಗೆ ಹೇಳ್ಕೋತ ಬಂದೇನಿ. ಹಸಗೊಂಡಾಂವ ಏನ್ ಬರಕೊಡ್ತಾನ, ಏನ್ ಬಿಟ್ಟುಕೊಡ್ತಾನ ಅಂತ ಯಾರೋ ಮೊದಲಽ ಕುಂತು ವಿಚಾರ ಮಾಡ್ಯಾರ ನೋಡ್ರಿ. ದೊಡ್ಡ ಮನಿಶ್ಯಾ ಇರಬೇಕು ಆಂವ.”

ಅಲ್ಲಾಹನು ಮನುಷ್ಯನಿಗೆ ಕೊಟ್ಟದ್ದರಲ್ಲಿ ಮನುಷ್ಯ ಕಳೆದುಕೊಳ್ಳಬಲ್ಲದ್ದೂ ಇದೆ, ಕಳೆದುಕೊಳ್ಳಲಾರದ್ದೂ ಇದೆ ಎಂದು ಬದರುನ್ನಿಸಾಳ ಅಜ್ಜ ಹೇಳುತ್ತಿದ್ದ. ಅದು ಪ್ರಾಣದ ಮಾತು, ಈಮಾನಿನ ಮಾತು ಎಂದು ಅವಳು ತಿಳಿದಿದ್ದಳು. ಕಚೇರಿಯ ಕಾಗದದಲ್ಲೂ ಅಂಥದ್ದೊಂದು ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ನೀಲಪ್ಪ ಕನ್ನಡದಲ್ಲಿ ಬರೆದ. ನಿಂಗರಾಜ ಅದನ್ನು ಇಂಗ್ಲಿಷಿಗೆ ತಂದು ನಮ್ಮ ರಾಯಭಾರ ಕಚೇರಿಗೆ ಕಳಿಸಿದ. ಅರ್ಜಿಯಲ್ಲಿದ್ದದ್ದು ಒಂದೇ ಹೆಸರು, ರಮಜಾನಸಾಬನದು. ಗಂಡನ ವಿಷಯ ಬಿಟ್ಟು ಬೇರೆ ಯಾವುದೂ ಅಂದು ಬದರುನ್ನಿಸಾಳ ತಲೆಗೆ ಬರಲಿಲ್ಲ. ಬರಬೇಕಾಗಿತ್ತೆಂದು ಆ ಹೊತ್ತಿಗೆ ಅನ್ನಿಸಲೂ ಇಲ್ಲ.

ಆಮೇಲೆ ಒಂಬತ್ತು ದಿನ ಫೋನು ಸತ್ತ ಹಾಗೆ ಚೀಲದಲ್ಲಿ ಬಿದ್ದಿತ್ತು. ಆ ಒಂಬತ್ತು ದಿನಗಳನ್ನು ಬದರುನ್ನಿಸಾ ಹೇಗೆ ಕಳೆದಳೆಂದು ಹೇಳುವುದು ಕಷ್ಟ. ರೊಟ್ಟಿ ನಿಲ್ಲಿಸಲಾಗದು, ಖಾನಾವಳಿಯವರಿಗೆ ಗಂಡ ಎಲ್ಲಿದ್ದಾನೆಂಬುದು ಬೇಕಾಗಿಲ್ಲ. ಒಲೆ ಮತ್ತು ಮೊಳೆಯ ನಡುವೆ ಹತ್ತು ಹೆಜ್ಜೆ, ಅದನ್ನೇ ತುಳಿದಳು. ತಗ್ಗು ತೋಡಲು ಒಯ್ದಿರಬಹುದು. ಒಯ್ದ ಕಡೆ ಗುಂಡು ಬಿದ್ದಿರಬಹುದು. ನಮಾಜಿಗೆ ನಿಂತರೆ ಸೂರಾದ ಮಧ್ಯೆ ಫೋನು ಕೂಗಿದಂತಾಗಿ ಮರೆತು ಮತ್ತೆ ಮೊದಲಿಂದ ಹೇಳುತ್ತಿದ್ದಳು. ಚನ್ನವ್ವ ಒಂದು ದಿನ, “ದೇವರಿಗೆ ನಿನ್ನ ನಮಾಜು ಬಾಯಿಪಾಠ ಆತು ಬಿಡು, ಅಷ್ಟು ಸಲ ತಿರುವಿ ಹೇಳೀದಿ,” ಅಂದಳು. ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಒಬ್ಬಳಿಗೆ ಅಳು ಬಂತು.

ಹತ್ತನೇ ದಿನ, ಮಂಗಳವಾರ, ಫೋನು ಬಂತು.

“ಬದರೂ! ಬಿಟ್ರು!”

ರಾಯಭಾರ ಕಚೇರಿಯವರು ಮಾತಾಡಿದ್ದರು. ಅಧಿಕಾರಿ ಇವನನ್ನು ಕರೆಸಿ, ನೀನು ಹೊರದೇಶದವನು, ನಿನ್ನ ಹೆಬ್ಬೆಟ್ಟು ಲೆಕ್ಕಕ್ಕಿಲ್ಲ ಅಂದಿದ್ದ. ಗುರುವಾರ ಮುಂಜಾನೆ ಒಂದು ಬಸ್ಸು ಹೋಗುತ್ತದೆ. ಬಸ್ಸಿನ ಬಾಗಿಲಲ್ಲೇ ಪಾಸ್‌ಪೋರ್ಟು ಕೈಗೆ ಕೊಡುತ್ತಾನೆ.

ಬದರುನ್ನಿಸಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚನ್ನವ್ವ ಅಲ್ಲಿಂದಲೇ ಇಟಗಿಯ ದಿಕ್ಕಿಗೆ ಕೈ ಮುಗಿದಳು. ಆ ಕಡೆ ಮಾತ್ರ ಸಂತೋಷ ಕೇಳಲಿಲ್ಲ.

“ಯಾಕ್ರಿ? ಸುಮ್ಮಕಾದ್ರೆಲ್ಲ?”

“ಆ ಏಳು ಮಂದಿ ಬದರೂ.” ಅವನು ಉಸಿರೆಳೆದುಕೊಂಡ. “ಅವರದೂ ನಾನಽ ಒತ್ತಿದ್ನೆಲ್ಲ. ಅದಽ ಗುರುವಾರ ಲಾರಿ ಬರ್ತೈತಂತ, ಅವರನ್ನ ಗಡಿ ಆಚೆ ಒಂದು ವೃದ್ಧಾಶ್ರಮಕ್ಕ ಒಯ್ಯಾಕ. ಅವರಽ ಬೇಡಿಕೊಂಡಾರ ಅಂತ ಕಾಗದದಾಗ ಐತಿ. ಗಲೀನಾನ ಮಗಳು ನದಿ ಆಚಿ ದಂಡಿ ಮ್ಯಾಲ ಅದಾಳ. ಒಮ್ಮೆ ಒಯ್ದ್ರಂದ್ರ ಮಗಳ ಮಾರಿ ನೋಡೂದು ಮುಗೀತು. ಅವರಿಗೆ ಇನ್ನೂ ಗೊತ್ತಿಲ್ಲ. ಹಿಟ್ಟು ತಂದು ಕೊಟ್ಟಾಗ ಆಕಿ ನನ್ನ ಈ ಹೆಬ್ಬೆಟ್ಟಿಗೇ ಮುದ್ದು ಕೊಟ್ಲು.”

ಬದರುನ್ನಿಸಾಳಿಗೆ ತನ್ನದೇ ಮಾತು ನೆನಪಾಯಿತು. ಏನು ಹೇಳಿದ್ದೆ ಅಂದು? ಎಲ್ಲರೂ ನಮ್ಮ ಮನೆ ಮಂದಿ ಅಂತ ಹೇಳಿರಿ. ಹೇಳಿಸಿದ್ದವಳು ಇವಳು. ನೀಲಪ್ಪನ ಮುಂದೆ ಕೂತಾಗ ಆ ಮನೆ ಮಂದಿಯಲ್ಲಿ ಒಬ್ಬರ ನೆನಪೂ ಬರಲಿಲ್ಲ.

“ಅವರ ಹೆಸರು ಹೇಳ್ರಿ,” ಅಂದಳು. “ಬಿಡಿಸಿ ಬಿಡಿಸಿ ಹೇಳ್ರಿ. ಬರಕೋತೇನಿ.”

ಬುಧವಾರ ಕಚೇರಿ ಬಾಗಿಲು ತೆಗೆಯುವ ಮೊದಲೇ ಅವಳು ಬೇವಿನ ಬುಡದಲ್ಲಿದ್ದಳು. ನೀಲಪ್ಪ ಹೆಸರುಗಳ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

“ಗಂಡನ ಹೆಸರು? ತಂದಿ ಹೆಸರು?”

“ಗೊತ್ತಿಲ್ಲ ಕಾಕಾ.”

“ವಯಸ್ಸು?”

“ಮುದುಕರು ಅಂತ ಬರೀರಿ.”

“ವಾಸ?”

“ನೆಲಮಾಳಿಗಿ.”

ನೀಲಪ್ಪ ಬರೆದ. ಆಮೇಲೆ ಪೆನ್ನು ಎತ್ತಿ ಹಿಡಿದ. “ಅರ್ಜಿದಾರರು ಯಾರು? ಈ ಏಳು ಮಂದಿ ಕೇಳಿಲ್ಲ. ಅವರ ರಾಯಭಾರಿ ಅಲ್ಲಿಲ್ಲ. ಯಾರರ ಒಬ್ಬರ ಹೆಸರು ಮ್ಯಾಲ ಬೇಕು.”

“ನಂದು ಹಾಕ್ರಿ.”

“ನಿಂದು ಹಾಕಿದ್ರ ರಮಜಾನಸಾಬನ ಹೆಂಡತಿ ಅಂತ ಹಾಕಬೇಕು. ಅಂದ್ರ ಆಂವನ ಹೆಸರು ಬಂತು.”

ಅವನು ನಿಂಗರಾಜನಿಗೆ ಫೋನು ಹಚ್ಚಿಕೊಟ್ಟ. ನರಗುಂದದಿಂದ ನಿಂಗರಾಜ ಮುಚ್ಚುಮರೆ ಮಾಡದೆ ಹೇಳಿದ. “ಅಕ್ಕಾರ, ನಾಳೆ ಮುಂಜಾನಿ ಬಸ್ಸು ಐತಿ. ಪಾಸ್‌ಪೋರ್ಟ್ ಇನ್ನೂ ಅವರ ಕೈಯಾಗೈತಿ. ಇವತ್ತು ಇಂಥಾ ಅರ್ಜಿ ಹೋತು ಅಂದ್ರ, ಆ ಅಧಿಕಾರಿಗೆ ಸಿಟ್ಟು ಬಂತು ಅಂದ್ರ, ನಿಮ್ಮವರನ್ನ ಬಸ್ಸಿಂದ ಇಳಿಸಿಕೊಂಡ್ರೂ ಇಳಿಸಿಕೊಂಡಾರು. ಶುಕ್ರವಾರ ಕಳಸೂಣು. ನಿಮ್ಮವರು ಪಾರಾಗಿರ್ತಾರ.”

“ಶುಕ್ರವಾರ ಆ ಮುದುಕರು ಎಲ್ಲಿರ್ತಾರ್ರಿ?”



ಬದರುನ್ನಿಸಾ ಫೋನನ್ನು ನೀಲಪ್ಪನ ಕೈಗೆ ಕೊಟ್ಟು ನೆಲ ನೋಡುತ್ತ ಕೂತಳು. ಎರಡು ವರ್ಷದಿಂದ ಮುಟ್ಟದ ಗಂಡ. ಒಂದು ರಾತ್ರಿ ಕಳೆದರೆ ಬಸ್ಸು. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ. ನಾಲಿಗೆಗೆ ಬಾರದ ಊರಿನ ನಾಲಿಗೆಗೆ ಬಾರದ ಹೆಸರುಗಳು. ಹತ್ತು ಹೆಜ್ಜೆಯ ಆ ಹಿತ್ತಲಲ್ಲಿ ಸಿಕ್ಕಿಬಿದ್ದಾಗ ಕೂಡ ಇಷ್ಟು ಇಕ್ಕಟ್ಟು ಅನ್ನಿಸಿರಲಿಲ್ಲ. ಯಾ ಅಲ್ಲಾ, ಅಂದಳು. ಆಮೇಲೆ ತಲೆಯೆತ್ತಿ, “ಬರೀರಿ ಕಾಕಾ,” ಅಂದಳು. “ಇದನ್ನ ಆ ಅಧಿಕಾರಿ ಮುಂದ ಹಿಡಿಯಾವರು ನಮ್ಮವರಽ ಅದಾರ. ಅವರ್ನ ಕೇಳ್ತೇನಿ. ಬ್ಯಾಡ ಅಂದ್ರ ಅರ್ಜಿ ಹರೀತೇನಿ.”

ನೀಲಪ್ಪ ಬರೆದು ಮುಗಿಸಿ ಹಾಳೆ ಕೊಡುವಾಗ ಒಂದು ಮಾತು ಸೇರಿಸಿದ. ಕಚೇರಿಗೆ ಅಲೆದ ಯಾರಿಗೇ ಆಗಲಿ ಅವನು ತಪ್ಪದೆ ಹೇಳುವ ಮಾತು ಅದು. “ಎರಡು ಪ್ರತಿ ಮಾಡಾಕ ಹೇಳು. ಒಂದು ಅವರಿಗೆ. ಎರಡನೇದರ ಮ್ಯಾಲ ‘ಮುಟ್ಟಿತು’ ಅಂತ ಶಿಕ್ಕಾ, ಸೈ, ತಾರೀಖು ಹಾಕಿಸಿಕೊಂಡು ಇಟ್ಕೋಬೇಕು. ಶಿಕ್ಕಾ ಇಲ್ಲದ ಅರ್ಜಿ, ಕೊಟ್ಟಂಗಲ್ಲ.”

ಮಧ್ಯಾಹ್ನ ಫೋನು ಬಂದಾಗ ಬದರುನ್ನಿಸಾ ಎಲ್ಲವನ್ನೂ ಹೇಳಿದಳು. ಅಪಾಯವನ್ನು ಮೊದಲು ಹೇಳಿದಳು. ಈ ಸಲ ನಗಲಿಲ್ಲ, ಅವಸರ ಮಾಡಲಿಲ್ಲ.

“ನಾ ಹೇಳಂಗಿಲ್ಲ,” ಅಂದಳು. “ನಿಮ್ಮ ಮನಸ್ಸು ಹೆಂಗ ಜಗ್ತೈತಿ ಹಂಗ ಮಾಡ್ರಿ.”

“ನಿನ್ನಿ ಇದನ್ನಽ ಕೇಳಾಂವಿದ್ದೆ,” ಅಂದ ರಮಜಾನಸಾಬ. “ನೀ ಅಳ್ತೀದಿ ಅಂತ ಬಾಯಿ ಬರಲಿಲ್ಲ. ಕಳಸು.”

ಆ ಸಂಜೆ ಅವನು ಏಳು ಮಂದಿಯ ಮುಂದೆ ಕೂತು, ಓಲ್ಗಾಳ ಬಾಯಿಂದ, ತಾನು ಮಾಡಿದ್ದನ್ನು ಹೇಳಿದ. ಗಲೀನಾ ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಕೂತಿದ್ದಳಂತೆ. ಆಮೇಲೆ ಎದ್ದು ಅವನಿಗೆ ಬಡಿಸಿದಳಂತೆ. ಫೋನಿಗೆ ಬಂದ ನಿಂಗರಾಜನ ಇಂಗ್ಲಿಷ್ ಅರ್ಜಿಯನ್ನು ಓಲ್ಗಾ ತಮ್ಮ ಭಾಷೆಗೆ ತಂದು ಎರಡು ಪ್ರತಿ ಬರೆದಳು.

ಗುರುವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಂತು, ಹೋಯಿತು. ಚನ್ನವ್ವ ಒಲೆ ಹಚ್ಚಲಿಲ್ಲ. ಗಜೇಂದ್ರಗಡದ ಬಸ್ಸು ರೊಟ್ಟಿಯಿಲ್ಲದೆ ಹೋಯಿತು. ನಾಲ್ಕಕ್ಕೆ ಚೀಲದೊಳಗೆ ಫೋನು ಅಲುಗಿತು.

“ಬಸ್ಸಿನ್ಯಾಗ ಅದೇನಿ,” ಅಂದ ರಮಜಾನಸಾಬ. “ಪಾಸ್‌ಪೋರ್ಟ್ ಕೈಯಾಗೈತಿ. ಎರಡನೇ ನಾಕಾ ದಾಟಿತು.”

ಬದರುನ್ನಿಸಾ ಹೊಸ್ತಿಲ ಮೇಲೆ ಕುಸಿದು ಕೂತಳು. “ಅಲ್‌ಹಮ್ದುಲಿಲ್ಲಾ. ಅರ್ಜಿ?”

“ಕೊಟ್ಟೆ. ಓದಿದ. ಮಾರಿ ಕೆಂಪಗಾತು. ‘ಇವರು ನಿನಗೇನಾಗಬೇಕು?’ ಅಂತ ಕೇಳಿದ. ಏನ್ ಹೇಳ್ಲಿ? ಮನಿ ಮಂದಿ ಅಂದೆ. ಬಸ್ಸಿಂದ ಇಳಿಸಿ ಒಂದು ತಾಸು ನಿಂದ್ರಿಸಿದ. ನಾ ಎರಡನೇ ಪ್ರತಿ ಹಂಗಽ ಹಿಡಕೊಂಡು ನಿಂತೆ. ‘ಇನ್ನೇನು?’ ಅಂದ. ‘ಶಿಕ್ಕಾ, ಸಾಹೇಬ್ರ’ ಅಂದೆ.”

“ಹಂಗಽ ಅಂದ್ರೇನು!”

“ಅಂದೆ. ಹಿಂದ ನಿಂತ ಸಿಪಾಯಿ ನಕ್ಕಬಿಟ್ಟ. ಅಧಿಕಾರಿ ನನ್ನ ಮಾರಿ ನೋಡಿದ, ಕಾಗದ ನೋಡಿದ, ಮೇಜಿನ ಮ್ಯಾಲಿನ ಶಿಕ್ಕಾ ತಗೊಂಡು ಟಪ್ ಅಂತ ಹೊಡದ. ಯಾಕ ಹೊಡದ್ನೋ ಆಂವಗೂ ಗೊತ್ತಿರಲಿಕ್ಕಿಲ್ಲ. ಕೈ ರೂಢಿ ಇರಬೇಕು. ಆ ಕಾಗದ ಓಲ್ಗಾನ ಕೈಯಾಗ ಕೊಟ್ಟು ಬಂದೇನಿ.”

“ಲಾರಿ?”



“ಬಂದಿತ್ತು. ನಾ ಹೊಂಟಾಗ ಗೇಟಿನ ಮುಂದ ನಿಂತಿತ್ತು, ಖಾಲಿ. ಹತ್ತಿಸಿದ್ರೋ, ಬಿಟ್ರೋ, ನೋಡೂದರಾಗ ಬಸ್ಸು ತಿರುಗಿತು. ಓಲ್ಗಾನ ಫೋನ್ ಹತ್ತವಲ್ದು.”

ಆ ರಾತ್ರಿಯೂ ಹತ್ತಲಿಲ್ಲ, ಮರುದಿನವೂ ಹತ್ತಲಿಲ್ಲ. ಶನಿವಾರ ಹೊತ್ತು ಏರುವಾಗ ರಮಜಾನಸಾಬನ ಕಡೆಯಿಂದ ಒಂದು ಫೋಟೋ ಬಂತು. ಓಲ್ಗಾ ಅವನಿಗೆ ಕಳಿಸಿದ್ದು, ಒಂದು ಅಕ್ಷರವನ್ನೂ ಬರೆಯದೆ. ಅರ್ಜಿಯ ಫೋಟೋ. ಕಾಗದ ಇನ್ನೂ ಅವಳ ಕೈಯಲ್ಲಿದೆ ಎಂಬುದಷ್ಟೇ ಅದರಿಂದ ತಿಳಿಯುವಂತಿತ್ತು. ಬದರುನ್ನಿಸಾ ಫೋನನ್ನು ಎದೆಗವಚಿಕೊಂಡು ನೀಲಪ್ಪನ ಹತ್ತಿರ ಓಡಿದಳು.

ನೀಲಪ್ಪ ಕನ್ನಡಕ ಏರಿಸಿ, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. ಓದಲಾಗದ ಲಿಪಿ, ನೀಲಿ ಶಿಕ್ಕಾ, ಅದರ ಕೆಳಗೆ ಗೀಚಿದ ಸೈ.

“ಅವರೇನಾದ್ರೋ ಕಾಕಾ?” ಅಂದಳು ಬದರುನ್ನಿಸಾ. “ಒಯ್ದ್ರೋ ಏನು?”

“ಅದು ಇದರಾಗ ಇಲ್ಲ ಬೇ.” ಅವನು ಇನ್ನೂ ಹಿಗ್ಗಿಸಿದ. “ತಾರೀಖು ಹಾಕ್ಯಾರ ನೋಡು. ಮುಟ್ಟೇ ಇಲ್ಲ ಅನ್ನಾಕ ಇನ್ನ ಬರೂದಿಲ್ಲ.”

ಅವನು ಡೆಸ್ಕಿನಿಂದ ಹೊಸ ಹಾಳೆ ತೆಗೆದು, ಅಂಚು ಬಿಟ್ಟು ಮಡಿಸಿದ.

“ಕುಂದರು. ‘ಈ ಹಿಂದಿನ ಅರ್ಜಿಗೆ ಉತ್ತರ ಬಂದಿಲ್ಲ’ ಅಂತ ಸುರು ಮಾಡೂಣು.”